ಹಳೆ ಡೆಸ್ಕ್‌ಟಾಪ್‌ಗೆ ಬೇರೆ ಪ್ರೊಸೆಸರ್ ಬೇಕಾ? ದುಡ್ಡು ಹಾಕುವ ಮೊದಲು ನೋಡಬೇಕಾದದ್ದೆಲ್ಲ

ಕೆಲವು ವರ್ಷಗಳ ಹಿಂದೆ ನನ್ನ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಐ3-2100 ಇತ್ತು. 2 ಕೋರ್, 4 ಥ್ರೆಡ್. (ಕೋರ್ ಅಂದರೆ ಚಿಪ್‌ನೊಳಗೆ ದುಡಿಯುವ ಘಟಕ, ಥ್ರೆಡ್ ಅಂದರೆ ಅದು ಒಂದೇ ಹೊತ್ತಿಗೆ ಹಿಡಿಯಬಲ್ಲ ಕೆಲಸದ ಸಾಲು.) ಆನ್ ಮಾಡಿ ಕೂತರೆ ಬ್ರೌಸರ್ ತೆರೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅದೇ ಸಾಕೆಟ್‌ನಲ್ಲಿ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಕೂರುವ ಐ7-2600 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು, ತಂದು ಹಾಕಿದೆ. 4 ಕೋರ್, 8 ಥ್ರೆಡ್. ಬೂಟ್ ಆಗಲು ಮೊದಲಿನಷ್ಟೇ ಹೊತ್ತು ಹಿಡಿಯಿತು. ಬ್ರೌಸರ್ ತೆರೆಯಲೂ ಅಷ್ಟೇ. ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ವ್ಯತ್ಯಾಸ ಎದ್ದು ಕಂಡಿತು ನಿಜ, ಆದರೆ ಆ ಕೆಲಸ ನಾನು ತಿಂಗಳಿಗೊಮ್ಮೆ ಮಾಡಿದರೆ ಹೆಚ್ಚು. ದಿನವೂ ನನ್ನನ್ನು ಕಾಯಿಸುತ್ತಿದ್ದದ್ದು ಹಳೆ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದ ದಿನವೇ ಮಷೀನ್ ಬೇರೆಯಾಯಿತು.

ಆವತ್ತಿನಿಂದ ಯಾರಾದರೂ ಪ್ರೊಸೆಸರ್ ಬದಲಿಸಲಾ ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ನಿಮ್ಮನ್ನು ಕಾಯಿಸುತ್ತಿರುವುದು ಪ್ರೊಸೆಸರ್ರೇ ಅಂತ ಗೊತ್ತಾ? ಅದು ಗೊತ್ತಾಗುವ ತನಕ ಯಾವ ಚಿಪ್ಪನ್ನೂ ಕೊಳ್ಳಬೇಡಿ. ಕೆಳಗಿನದ್ದನ್ನು ಇದೇ ಕ್ರಮದಲ್ಲಿ ಮಾಡುತ್ತಾ ಹೋಗಿ. ಎಷ್ಟೋ ಜನರಿಗೆ ಮೂರನೇ ಹಂತಕ್ಕೇ ಉತ್ತರ ಸಿಗುತ್ತದೆ, ಮುಂದೆ ಓದುವ ಅಗತ್ಯವೂ ಬೀಳುವುದಿಲ್ಲ.

1. ಒಂದು ಚೀಟಿ, ಒಂದು ಸ್ಟಾಪ್‌ವಾಚ್

'ಪಿಸಿ ಸ್ಲೋ ಆಗಿದೆ' ಅಂದರೆ ಸಾಲದು. ಯಾವ ಕೆಲಸ ಸ್ಲೋ? ನೀವು ಹೆಚ್ಚು ಮಾಡುವ ಮೂರು ಕೆಲಸ ಆರಿಸಿಕೊಳ್ಳಿ. ಉದಾಹರಣೆಗೆ, ಆನ್ ಬಟನ್ ಒತ್ತಿದಾಗಿನಿಂದ ಬ್ರೌಸರ್‌ನಲ್ಲಿ ಮೊದಲ ಪುಟ ಕಾಣುವ ತನಕ. ದೊಡ್ಡದೊಂದು ಎಕ್ಸೆಲ್ ಫೈಲ್ ತೆರೆದು ಲೆಕ್ಕ ಮುಗಿಯುವ ತನಕ. ಐದು ನಿಮಿಷದ ವಿಡಿಯೋ ಎಕ್ಸ್‌ಪೋರ್ಟ್ ಆಗುವ ತನಕ. ಗೇಮ್ ಆಡುವವರು ಒಂದೇ ಜಾಗದಲ್ಲಿ ನಿಂತು ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತದೆ ನೋಡಿಕೊಳ್ಳಿ.

ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆದು ಚೀಟಿಯಲ್ಲಿ ಬರೆದಿಡಿ. ಪ್ರತಿ ಸಲ ರೀಸ್ಟಾರ್ಟ್ ಮಾಡಿಯೇ ಅಳೆಯಿರಿ. ಒಮ್ಮೆ ತೆರೆದ ಪ್ರೋಗ್ರಾಮ್‌ನ ಫೈಲ್‌ಗಳು ರ‍್ಯಾಮ್‌ನಲ್ಲೇ ಉಳಿದಿರುತ್ತವೆ, ಹಾಗಾಗಿ ಎರಡನೇ ಸಲ ಸುಮ್ನೆ ಬೇಗ ತೆರೆದುಕೊಳ್ಳುತ್ತದೆ. ಅದು ನಿಜವಾದ ಅಳತೆ ಅಲ್ಲ.

2. ಕಾಯಿಸುತ್ತಿರುವವರು ಯಾರು ಅಂತ ಕಣ್ಣಾರೆ ನೋಡುವುದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಅದನ್ನು ಪಕ್ಕದಲ್ಲಿಟ್ಟುಕೊಂಡು ಚೀಟಿಯಲ್ಲಿರುವ ಕೆಲಸವನ್ನು ಮಾಡಿ. ಲಿನಕ್ಸ್ ಬಳಸುವವರಿಗೆ ಎಚ್‌ಟಾಪ್ ಸಾಕು.

ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡು, ಸಿಪಿಯು (ಅಂದರೆ ಪ್ರೊಸೆಸರ್) 20-30ರಲ್ಲಿ ಆಡುತ್ತಿದ್ದರೆ ನಿಮ್ಮ ಸಮಸ್ಯೆ ಡಿಸ್ಕ್. ಹಳೆ ಹಾರ್ಡ್ ಡಿಸ್ಕ್ ಒಂದೇ ಸಮನೆ ಓದಿದರೆ ಸೆಕೆಂಡಿಗೆ 100ರಿಂದ 200 ಎಂಬಿ ಕೊಡುತ್ತದೆ, ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು. ಆದರೆ ನಿಜವಾದ ಅಂತರ ಇರುವುದು ಚಿಕ್ಕಚಿಕ್ಕ ಫೈಲ್‌ಗಳಲ್ಲಿ. ಹಾರ್ಡ್ ಡಿಸ್ಕ್‌ನ ಹೆಡ್ ಪ್ರತಿ ಫೈಲಿಗೂ ಅತ್ತಿಂದಿತ್ತ ಓಡಾಡಬೇಕು, ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಬೂಟ್ ಆಗುವಾಗ ಓದುವುದು ಇಂಥ ಸಾವಿರಾರು ಫೈಲ್‌ಗಳನ್ನು, ಅದಕ್ಕೇ ಅಲ್ಲಿ ಅಷ್ಟೊಂದು ವ್ಯತ್ಯಾಸ.

ಮೆಮೊರಿ ಪೂರ್ತಿ ತುಂಬಿದ್ದು, ಡಿಸ್ಕೂ ಕುಣಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಅಂತ ಅರ್ಥ. 4 ಜಿಬಿಯಲ್ಲಿ ಇವತ್ತಿನ ಬ್ರೌಸರ್ ಓಡಿಸುವುದು ಕಷ್ಟ. ಯಾವ ಪ್ರೊಸೆಸರ್ ಹಾಕಿದರೂ ಈ ಕಷ್ಟ ತಪ್ಪುವುದಿಲ್ಲ.

ಸಿಪಿಯು 90-100ರಲ್ಲಿ ನಿಂತೇ ಇದ್ದರೆ ಉತ್ತರ ಸುಲಭ: ಪ್ರೊಸೆಸರ್ರೇ. ಜನ ಎಡವುವುದು ಇನ್ನೊಂದು ಜಾಗದಲ್ಲಿ. ಕೆಲಸ ನಿಧಾನ, ಆದರೆ ಸಿಪಿಯು 25 ಅಂತ ತೋರಿಸುತ್ತಿದೆ. 'ಇನ್ನೂ ಮುಕ್ಕಾಲು ಪಾಲು ಖಾಲಿ ಇದೆಯಲ್ಲ, ಪ್ರೊಸೆಸರ್ ತಪ್ಪಲ್ಲ' ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ನಿಮ್ಮ ಚಿಪ್‌ನಲ್ಲಿ 4 ಥ್ರೆಡ್ ಇದ್ದು, ಪ್ರೋಗ್ರಾಮ್‌ಗೆ ಒಂದೇ ಥ್ರೆಡ್‌ನಲ್ಲಿ ಕೆಲಸ ಮಾಡಲು ಬರುವುದಾದರೆ, ಆ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕ 25 ದಾಟುವುದಿಲ್ಲ. 8 ಥ್ರೆಡ್ ಇದ್ದರೆ ಅದೇ ಕೆಲಸ 12-13ರಲ್ಲಿ ನಿಲ್ಲುತ್ತದೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆಯ್ಕೆ ಮಾಡಿದರೆ ಒಂದೊಂದು ಥ್ರೆಡ್ಡಿಗೂ ಒಂದೊಂದು ಪುಟ್ಟ ಡಬ್ಬಿ ಬರುತ್ತದೆ. ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ದಾಟಿಸುತ್ತಾ ಇರುವುದರಿಂದ ಒಂದೇ ಡಬ್ಬಿ ತುಂಬಿದ ಹಾಗೆ ಕಾಣದೇ ಇರಬಹುದು. ಹಾಗಾಗಿ 100ನ್ನು ಥ್ರೆಡ್‌ಗಳ ಸಂಖ್ಯೆಯಿಂದ ಭಾಗಿಸಿ. ಒಟ್ಟು ಬಳಕೆ ಆ ಅಂಕಿಯ ಹತ್ತಿರ ಗೆರೆ ಎಳೆದ ಹಾಗೆ ನಿಂತಿದ್ದರೆ, ನಿಮ್ಮನ್ನು ಕಾಯಿಸುತ್ತಿರುವುದು ಒಂದು ಕೋರ್‌ನ ವೇಗ. ಇಂಥವರು ಅದೇ ತಲೆಮಾರಿನ ಹೆಚ್ಚು ಕೋರ್‌ಗಳ ಚಿಪ್ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವರಿಗೆ ಬೇಕಿರುವುದು ವೇಗದ ಕೋರ್, ಹೆಚ್ಚು ಕೋರ್ ಅಲ್ಲ.

ಗೇಮ್‌ಗೆ ಇನ್ನೂ ಸುಲಭದ ಪರೀಕ್ಷೆ ಇದೆ. ರೆಸಲ್ಯೂಶನ್ ಇಳಿಸಿ. 1080ರಿಂದ 720ಕ್ಕೆ ಬಂದಾಗ ಎಫ್‌ಪಿಎಸ್ ಚೆನ್ನಾಗಿ ಏರಿದರೆ ಹಿಂದೆ ಬಿದ್ದಿರುವುದು ಗ್ರಾಫಿಕ್ಸ್ ಕಾರ್ಡ್. ಏರದೆ ಅಲ್ಲೇ ನಿಂತರೆ ಪ್ರೊಸೆಸರ್. ಹತ್ತು ನಿಮಿಷದ ಕೆಲಸ ಇದು, ಇದನ್ನು ಮಾಡದೆ ಗೇಮ್‌ಗೋಸ್ಕರ ಪ್ರೊಸೆಸರ್ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಒಂದು ಲೆಕ್ಕ ತಲೆಯಲ್ಲಿರಲಿ. ಒಂದು ಕೆಲಸಕ್ಕೆ 10 ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಅದರಲ್ಲಿ 6 ನಿಮಿಷ ಪ್ರೊಸೆಸರ್‌ನ ದುಡಿಮೆ, 4 ನಿಮಿಷ ಡಿಸ್ಕ್. ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ 6 ಹೋಗಿ 3 ಆಗುತ್ತದೆ, ಡಿಸ್ಕ್‌ನ 4 ಹಾಗೇ ಇರುತ್ತದೆ. ಒಟ್ಟು 7 ನಿಮಿಷ. ಎರಡು ಪಟ್ಟು ವೇಗಕ್ಕೆ ದುಡ್ಡು ಕೊಟ್ಟಿರಿ, ಕೈಗೆ ಬಂದದ್ದು ಒಂದೂವರೆ ಪಟ್ಟಿಗಿಂತಲೂ ಕಡಿಮೆ. ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು, ಇವತ್ತಿಗೂ ಅದು ಆಮ್ಡಾಲ್ ನಿಯಮ ಅಂತಲೇ ಹೆಸರಾಗಿದೆ.

3. ಹೆಚ್ಚು ಖರ್ಚಿಲ್ಲದೆ ಸಿಗುವ ವೇಗವನ್ನು ಮೊದಲು ತೆಗೆದುಕೊಳ್ಳಿ

ಪ್ರೊಸೆಸರ್ರೇ ಕಾರಣ ಅಂತ ಗೊತ್ತಾದ ಮೇಲೂ ತಕ್ಷಣ ಓಡಬೇಡಿ. ಅದು ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆಯೇ ನೋಡಿ. ಎಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಹಾಕಿಕೊಂಡು, ಭಾರದ ಕೆಲಸ ಕೊಟ್ಟು, ಉಷ್ಣತೆ ಮತ್ತು ಗಿಗಾಹರ್ಟ್ಜ್ ಎರಡನ್ನೂ ಒಟ್ಟಿಗೆ ಗಮನಿಸಿ. ಉಷ್ಣತೆ 95-100 ಡಿಗ್ರಿ ಮುಟ್ಟಿ, 3.4 ಇರಬೇಕಾದ ವೇಗ 2ಕ್ಕೋ ಅದಕ್ಕೂ ಕೆಳಕ್ಕೋ ಬೀಳುತ್ತಿದ್ದರೆ, ಚಿಪ್ ಸುಟ್ಟುಹೋಗದಿರಲಿ ಅಂತ ತಾನೇ ನಿಧಾನ ಮಾಡಿಕೊಳ್ಳುತ್ತಿದೆ.

ಪರಿಚಯದವರ ಪಿಸಿಯೊಂದನ್ನು ಹೀಗೇ ಬಿಚ್ಚಿದ್ದೆ. ಐ5-3470. ಕೂಲರ್‌ನ ಫ್ಯಾನ್ ತೆಗೆದರೆ ಕೆಳಗೆ ಹೀಟ್‌ಸಿಂಕ್‌ನ (ಚಿಪ್‌ನ ಬಿಸಿ ಹೀರುವ ಲೋಹದ ತುಂಡು) ಸಂದುಗಳೇ ಕಾಣುತ್ತಿರಲಿಲ್ಲ, ಕಂಬಳಿ ಹೊದಿಸಿದ ಹಾಗೆ ಬೂದು ಬಣ್ಣದ ಧೂಳು. ಅದನ್ನು ಪದರ ಪದರವಾಗಿ ಎತ್ತಿ ತೆಗೆಯಬಹುದಾಗಿತ್ತು. ಹೀಟ್‌ಸಿಂಕ್ ಎತ್ತಿದಾಗ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಬ್ರಷ್‌ನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸ ಪೇಸ್ಟ್ ಹಾಕಿದೆವು. ಕೊಳ್ಳಬೇಕು ಅಂದುಕೊಂಡಿದ್ದ ಪ್ರೊಸೆಸರ್‌ನ ಮಾತು ಅಲ್ಲಿಗೆ ನಿಂತಿತು.

ಇನ್ನು ಕೆಲವು ವಿಷಯ. ವಿಂಡೋಸ್‌ನ ಪವರ್ ಪ್ಲಾನ್ ಪವರ್ ಸೇವರ್‌ನಲ್ಲಿದ್ದರೆ ಬ್ಯಾಲೆನ್ಸ್‌ಡ್‌ಗೆ ತನ್ನಿ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಅದೇ ಅಳತೆ, ಅದೇ ವೇಗದ ಇನ್ನೊಂದು ಕಡ್ಡಿ ಹಾಕಿ ಡ್ಯುಯಲ್ ಚಾನಲ್ ಮಾಡಿ, ಅಂದರೆ ಎರಡೂ ಕಡ್ಡಿ ಒಟ್ಟಿಗೆ ದುಡಿಯುವ ಹಾಗೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದರಲ್ಲಿ ಲಾಭ ಜಾಸ್ತಿ. ರೈಜನ್ (ಎಎಂಡಿ ಕಂಪನಿಯ ಪ್ರೊಸೆಸರ್) ಇದ್ದವರು ಬಯೋಸ್‌ನಲ್ಲಿ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡ್‌ನ ಪ್ರೋಗ್ರಾಮ್) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಆಗಿದೆಯೇ ಅಂತಲೂ ನೋಡಿ. ಎಷ್ಟೋ ಪಿಸಿಗಳಲ್ಲಿ 3200ರ ರ‍್ಯಾಮ್ ವರ್ಷಗಟ್ಟಲೆ 2133ರಲ್ಲೇ ಓಡಿರುತ್ತದೆ.

4. ನಿಮ್ಮ ಬೋರ್ಡ್‌ನ ಮಿತಿ ಎಲ್ಲಿಗೆ

ಇಲ್ಲಿಂದ ಮುಂದೆ ತೀರ್ಮಾನ ಮಾಡುವುದು ನೀವಲ್ಲ, ಮದರ್‌ಬೋರ್ಡ್. ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ, ಬೇಸ್‌ಬೋರ್ಡ್ ಪ್ರಾಡಕ್ಟ್ ಮತ್ತು ಬಯೋಸ್ ವರ್ಷನ್ ಎರಡನ್ನೂ ಬರೆದುಕೊಳ್ಳಿ. ಸಿಪಿಯು-ಝಡ್ ಕೂಡ ಇದನ್ನೇ ತೋರಿಸುತ್ತದೆ. ಆಮೇಲೆ ಬೋರ್ಡ್ ತಯಾರಿಸಿದ ಕಂಪನಿಯ ಸೈಟಿಗೆ ಹೋಗಿ ಆ ಮಾಡೆಲ್‌ನ ಸಿಪಿಯು ಸಪೋರ್ಟ್ ಲಿಸ್ಟ್ ತೆರೆಯಿರಿ. ಬೋರ್ಡ್ ಮೇಲೆ ರಿವಿಷನ್ ಸಂಖ್ಯೆ ಬರೆದಿದ್ದರೆ ಅದನ್ನೂ ಹೊಂದಿಸಿ ನೋಡಿ. ಪಟ್ಟಿಯಲ್ಲಿ ಪ್ರತಿ ಚಿಪ್‌ನ ಮುಂದೆ ಯಾವ ಬಯೋಸ್‌ನಿಂದ ಅದು ನಡೆಯುತ್ತದೆ ಅಂತ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಚಿಪ್ಪನ್ನು 'ಸಾಕೆಟ್ ಒಂದೇ ಅಲ್ವಾ' ಅಂತ ತರಬೇಡಿ.

ಈ ಮಾತಿಗೆ ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 2015ರಲ್ಲಿ ಇಂಟೆಲ್‌ನ 6ನೇ ತಲೆಮಾರು ಇದರಲ್ಲಿ ಬಂತು, ಆಮೇಲೆ 7ನೆಯದು. 2017ರಲ್ಲಿ 8ನೇ ತಲೆಮಾರು ಬಂದಾಗಲೂ ಸಾಕೆಟ್‌ನ ಹೆಸರು 1151 ಅಂತಲೇ ಉಳಿಯಿತು, ಆದರೆ ಅದಕ್ಕೆ 300 ಸರಣಿಯ ಚಿಪ್‌ಸೆಟ್‌ನ ಬೋರ್ಡೇ ಬೇಕು. 6ನೇ ತಲೆಮಾರಿನ ಕಾಲದ ಎಚ್110 ಬೋರ್ಡ್ ಇಟ್ಟುಕೊಂಡು ಐ5-8400 ತಂದರೆ ಸಾಕೆಟ್‌ನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಪಿಸಿ ಮಾತ್ರ ಏಳುವುದಿಲ್ಲ.

ಒಂದೊಂದು ಸಾಕೆಟ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಎಲ್‌ಜಿಎ 775, ಅಂದರೆ ಕೋರ್ 2 ಡ್ಯುಯೊ ಮತ್ತು ಕ್ವಾಡ್ ಕಾಲದ್ದು: ದುಡ್ಡು ಹಾಕಬೇಡಿ. ಈ ಚಿಪ್‌ಗಳಲ್ಲಿ ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇಲ್ಲ, ಈಗಿನ ಕೆಲವು ಪ್ರೋಗ್ರಾಮ್‌ಗಳು ತೆರೆದುಕೊಳ್ಳುವುದೇ ಇಲ್ಲ.

ಎಲ್‌ಜಿಎ 1155 (2011ರ 2ನೇ ಮತ್ತು 2012ರ 3ನೇ ತಲೆಮಾರು) ಮತ್ತು 1150 (2013ರ 4ನೇ ತಲೆಮಾರು): ನಿಮ್ಮಲ್ಲಿ 2 ಕೋರ್‌ನ ಪೆಂಟಿಯಂ ಅಥವಾ ಐ3 ಇದ್ದು, ಐ7-3770 ಅಥವಾ ಐ7-4790 ಅಗ್ಗವಾಗಿ ಸಿಕ್ಕರೆ ಹಾಕಬಹುದು, ವ್ಯತ್ಯಾಸ ಕಾಣುತ್ತದೆ. ಐ5 ಇದ್ದವರು ಐ7ಗೆ ಹೋಗುವುದು ಬೇರೆ ಮಾತು. ಎರಡರಲ್ಲೂ ಇರುವುದು 4 ಕೋರ್. ಹೆಚ್ಚಿಗೆ ಸಿಗುವುದು ಮುಖ್ಯವಾಗಿ ಹೈಪರ್‌ಥ್ರೆಡಿಂಗ್, ಅಂದರೆ 4 ಥ್ರೆಡ್ ಇದ್ದದ್ದು 8 ಆಗುತ್ತದೆ. ಅದು ಎರಡು ಪಟ್ಟು ವೇಗ ಅಲ್ಲ. ಎಲ್ಲ ಥ್ರೆಡ್‌ಗಳನ್ನೂ ಬಳಸುವ ಕೆಲಸದಲ್ಲಿ ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು ಏರುತ್ತದೆ, ಒಂದು ಥ್ರೆಡ್‌ನ ಕೆಲಸದಲ್ಲಿ ಗೊತ್ತಾಗುವುದೇ ಇಲ್ಲ. ನಾನಾದರೆ ಆ ದುಡ್ಡು ಎತ್ತಿಡುತ್ತೇನೆ. ಇನ್ನೊಂದು ವಿಷಯ, ಎವಿಎಕ್ಸ್2 ಸೂಚನೆಗಳು ಇಂಟೆಲ್‌ನ ಡೆಸ್ಕ್‌ಟಾಪ್‌ಗೆ ಬಂದದ್ದು 4ನೇ ತಲೆಮಾರಿನಲ್ಲಿ. ಅದನ್ನು ಕೇಳುವ ಗೇಮ್ ನಿಮ್ಮ ಪಟ್ಟಿಯಲ್ಲಿದ್ದರೆ 1155ರಲ್ಲಿ ಯಾವ ಚಿಪ್ ಹಾಕಿದರೂ ಪ್ರಯೋಜನ ಇಲ್ಲ.

1151ರ ಮೊದಲ ಗುಂಪಿನ (6 ಮತ್ತು 7ನೇ ತಲೆಮಾರಿನ) ಬೋರ್ಡ್‌ನಲ್ಲಿ ಐ7-7700ಗೇ ಮಿತಿ, 4 ಕೋರ್. ಎರಡನೇ ಗುಂಪಿನದ್ದಾದರೆ (300 ಸರಣಿಯ ಬೋರ್ಡ್) 6 ಕೋರ್‌ನ ಐ7-8700, 8 ಕೋರ್‌ನ ಐ7-9700 ತನಕ ಹೋಗಬಹುದು, ಐ3-8100 ಇದ್ದವರಿಗೆ ಇದು ಒಳ್ಳೆ ಜಿಗಿತ. ಎಲ್‌ಜಿಎ 1200ರಲ್ಲಿ 8 ಕೋರ್‌ನ ಐ7-10700 ತನಕ ದಾರಿ ಇದೆ, 10 ಕೋರ್‌ನದ್ದೂ ಇದೆ.

ಎಎಂಡಿಯ ಎಎಂ4 ಸಾಕೆಟ್ ಇದ್ದವರ ಅದೃಷ್ಟವೇ ಬೇರೆ. 2017ರ ರೈಜನ್ 1000 ಸರಣಿಗೆ ಮಾಡಿದ ಬೋರ್ಡ್‌ನಲ್ಲೂ, ತಯಾರಕರು ಬಯೋಸ್ ಕೊಟ್ಟಿದ್ದರೆ, 2020ರಲ್ಲಿ ಬಂದ 5000 ಸರಣಿ ನಡೆಯುತ್ತದೆ. ರೈಜನ್ 5 1600 ತೆಗೆದು 5600 ಹಾಕಿದರೆ ಕೋರ್ ಎಣಿಕೆ ಅಷ್ಟೇ, 6 ಕೋರ್, 12 ಥ್ರೆಡ್, 65 ವ್ಯಾಟ್ ಕೂಡ ಅಷ್ಟೇ. ಆದರೆ ಒಂದೊಂದು ಕೋರ್ ಎಷ್ಟು ಚುರುಕಾಗಿದೆ ಅಂದರೆ ಬೇರೆ ಮಷೀನ್ ಅನ್ನಿಸುತ್ತದೆ. ಗೇಮ್ ಆಡುವವರಿಗೆ 2022ರಲ್ಲಿ 5800ಎಕ್ಸ್3ಡಿ ಬಂತು, ಅದರಲ್ಲಿ 96 ಎಂಬಿ ಎಲ್3 ಕ್ಯಾಶೆ (ಚಿಪ್‌ನೊಳಗಿನ ವೇಗದ ಮೆಮೊರಿ). ಹಳೆ ಬೋರ್ಡ್, ಹಳೆ ರ‍್ಯಾಮ್ ಇಟ್ಟುಕೊಂಡೇ ಇಷ್ಟು ದೂರ ಹೋಗಲು ಬಿಟ್ಟ ಸಾಕೆಟ್ ಬಹಳ ಕಡಿಮೆ. ಎಎಂ4 ಬೋರ್ಡ್ ಇದ್ದು ಹಳೆ ರೈಜನ್ ಇದ್ದರೆ, ಎರಡನೇ ಹಂತದಲ್ಲಿ ಪ್ರೊಸೆಸರ್ರೇ ಸಿಕ್ಕಿಬಿದ್ದಿದ್ದರೆ, ನಾನು ಯೋಚಿಸದೆ ಹಾಕಿ ಅನ್ನುತ್ತೇನೆ.

ಎರಡು ಚಿಪ್ ಹೋಲಿಸುವಾಗ ಗಿಗಾಹರ್ಟ್ಜ್ ನೋಡಿ ಮೋಸ ಹೋಗಬೇಡಿ. ತಲೆಮಾರು ಬೇರೆಯಾದರೆ ಒಂದೇ ಗಿಗಾಹರ್ಟ್ಜ್‌ನಲ್ಲಿ ಆಗುವ ಕೆಲಸವೂ ಬೇರೆ. ಎಎಂಡಿ ಎಫ್‌ಎಕ್ಸ್-8350 4 ಗಿಗಾಹರ್ಟ್ಜ್, 8 ಕೋರ್ ಅಂತ ಹೆಸರಿಗೆ ಇತ್ತು, ಆದರೆ ಒಂದು ಥ್ರೆಡ್‌ನ ಕೆಲಸದಲ್ಲಿ ಅದರ ಕಾಲದ ಐ5ಕ್ಕಿಂತ ಹಿಂದೆಯೇ ಇತ್ತು. ಸಿನಿಬೆಂಚ್‌ನಂಥ ಪರೀಕ್ಷೆಯ ಸಿಂಗಲ್ ಕೋರ್ ಮತ್ತು ಮಲ್ಟಿ ಕೋರ್ ಅಂಕ ಎರಡನ್ನೂ ತೆಗೆದುಕೊಂಡು, ಎರಡನೇ ಹಂತದಲ್ಲಿ ನಿಮಗೆ ಯಾವುದು ಬೇಕು ಅಂತ ಗೊತ್ತಾಗಿತ್ತೋ ಆ ಅಂಕವನ್ನು ಹೋಲಿಸಿ. ನನ್ನ ಗೆರೆ ಇದು: ಆ ಅಂಕ ಕನಿಷ್ಠ ಒಂದೂವರೆ ಪಟ್ಟು ಆಗದಿದ್ದರೆ ಬದಲಿಸುವುದಿಲ್ಲ. ಶೇ. 15-20ರ ಏರಿಕೆ ಅಂಕಿಯಲ್ಲಿ ಕಾಣುತ್ತದೆ, ಕೂತು ಕೆಲಸ ಮಾಡುವಾಗ ಗೊತ್ತಾಗುವುದಿಲ್ಲ.

5. ವಿಂಡೋಸ್‌ನ ಪ್ರಶ್ನೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಕೆಲವು ಬಿಡಿ ಚಿಪ್‌ಗಳನ್ನು ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರಿನಿಂದ ಮತ್ತು ರೈಜನ್ 2000 ಸರಣಿಯಿಂದ ಮುಂದಿನದ್ದನ್ನು. ಜೊತೆಗೆ ಟಿಪಿಎಂ 2.0 (ಬೀಗದ ಕೀಗಳನ್ನು ಭದ್ರವಾಗಿಡುವ ಭಾಗ) ಬೇಕು. ಹಾಗಾಗಿ 6ನೇ ತಲೆಮಾರಿನ ಐ3 ತೆಗೆದು 7ನೇ ತಲೆಮಾರಿನ ಐ7 ಹಾಕಿದರೆ ವೇಗ ಸಿಗಬಹುದು, ವಿಂಡೋಸ್ 11ರ ಬಾಗಿಲು ಮಾತ್ರ ತೆರೆಯುವುದಿಲ್ಲ. ಅದೇ ರೈಜನ್ 1600 ಇದ್ದವರು 5600ಗೆ ಹೋದರೆ ಎರಡೂ ಸಿಗುತ್ತದೆ. ಲಿನಕ್ಸ್ ಸಾಕು ಅನ್ನುವವರಿಗೆ ಈ ತಲೆನೋವೇ ಇಲ್ಲ.

6. ಕೊಳ್ಳುವ ಮುಂಚೆ ನಾಲ್ಕು ಗುಂಡಿಗಳು

ಮೊದಲನೆಯದು ಡಿಸ್‌ಪ್ಲೇ. ಇದರಲ್ಲಿ ಬಿದ್ದವರನ್ನು ನಾನು ಬಹಳ ನೋಡಿದ್ದೇನೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4ನ ರೈಜನ್‌ನಲ್ಲಿ ಹೆಸರಿನ ಕೊನೆಗೆ ಜಿ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ ಅಂತ ಇಟ್ಟುಕೊಳ್ಳಿ. 3200ಜಿ ತೆಗೆದು 5600 ಹಾಕಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಪರದೆ ಕಪ್ಪಗೇ ಇರುತ್ತದೆ. ಅಂಥ ಬೋರ್ಡ್‌ಗೆ 5600ಜಿ ತನ್ನಿ.

ಎರಡನೆಯದು ವ್ಯಾಟ್. 65 ವ್ಯಾಟ್‌ನ ಚಿಪ್ ಇದ್ದ ಜಾಗಕ್ಕೆ 105 ಅಥವಾ 125 ವ್ಯಾಟ್‌ನದ್ದು ಬಂದರೆ ಕೂಲರ್ ಬದಲಾಗಬೇಕು, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ತಾಳುತ್ತದೆಯೇ ನೋಡಬೇಕು, ಮುಖ್ಯವಾಗಿ ಬೋರ್ಡ್‌ನ ವಿಆರ್‌ಎಂ ತಾಳಬೇಕು. ಸಾಕೆಟ್‌ನ ಪಕ್ಕದಲ್ಲಿ ಚೌಕದ ಕಪ್ಪು ಘಟಕಗಳ ಸಾಲು ಇರುತ್ತದಲ್ಲ, ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡುವುದು ಅದೇ. ಅದರ ಮೇಲೆ ಹೀಟ್‌ಸಿಂಕ್ ಇಲ್ಲದ, 4 ಪಿನ್‌ನ ಸಿಪಿಯು ಪವರ್ ಕನೆಕ್ಟರ್ ಇರುವ ಅಗ್ಗದ ಬೋರ್ಡ್‌ಗೆ 65 ವ್ಯಾಟ್ ಮೀರಿದ ಚಿಪ್ ನಾನು ಹಾಕುವುದಿಲ್ಲ, ಪಟ್ಟಿಯಲ್ಲಿ ಹೆಸರಿದ್ದರೂ.

ಮೂರನೆಯದು ಕಂಪನಿಯಿಂದಲೇ ಜೋಡಿಸಿ ಬಂದ ಬ್ರಾಂಡೆಡ್ ಪಿಸಿ. ಅದರ ಬಯೋಸ್, ಆ ಮಾಡೆಲ್‌ನಲ್ಲಿ ಮಾರಿದ ಚಿಪ್‌ಗಳನ್ನಷ್ಟೇ ಗುರುತಿಸುವುದುಂಟು. ಒಳಗಿನ ಪವರ್ ಕನೆಕ್ಟರ್ ಕೂಡ ಎಷ್ಟೋ ಸಲ ಸಾಮಾನ್ಯ ಎಟಿಎಕ್ಸ್ ಅಳತೆಯದ್ದಲ್ಲ, ಹಾಗಾಗಿ ಮುಂದೆ ಬೋರ್ಡ್ ಮಾತ್ರ ಬದಲಿಸುತ್ತೇನೆ ಅನ್ನುವ ದಾರಿಯೂ ಮುಚ್ಚಿರಬಹುದು.

ನಾಲ್ಕನೆಯದು ಸೆಕೆಂಡ್ ಹ್ಯಾಂಡ್ ಚಿಪ್. ಪ್ರೊಸೆಸರ್ ಸಾಮಾನ್ಯವಾಗಿ ಬೇಗ ಕೆಡುವ ವಸ್ತು ಅಲ್ಲ, ಬೋರ್ಡ್ ಮತ್ತು ಎಸ್‌ಎಂಪಿಎಸ್ ಅದಕ್ಕಿಂತ ಮೊದಲು ಹೋಗುತ್ತವೆ. ಹಾಗಾಗಿ ಹಳೆ ಚಿಪ್ ಕೊಳ್ಳಲು ಹೆದರಬೇಕಿಲ್ಲ. ಆದರೆ ಎಎಂ4 ಚಿಪ್‌ನಲ್ಲಿ ಪಿನ್‌ಗಳು ಚಿಪ್‌ನ ಕೆಳಗೇ ಇರುತ್ತವೆ, ಬೆಳಕಿಗೆ ಓರೆಯಾಗಿ ಹಿಡಿದು ಸಾಲುಗಳ ನಡುವೆ ನೋಡಿ, ಒಂದು ಪಿನ್ ಬಾಗಿದ್ದರೂ ಸಾಲು ಅಂಕುಡೊಂಕಾಗಿ ಕಾಣುತ್ತದೆ. ಬ್ರಾಂಡೆಡ್ ಪಿಸಿಯಿಂದ ಬಿಚ್ಚಿದ ರೈಜನ್ ಪ್ರೊ ಚಿಪ್‌ಗಳಲ್ಲಿ ಕೆಲವು ಆ ತಯಾರಕರ ಬೋರ್ಡ್‌ಗೇ ಲಾಕ್ ಆಗಿರುತ್ತವೆ, ಬೇರೆಯವರ ಬೋರ್ಡ್‌ನಲ್ಲಿ ಏಳುವುದೇ ಇಲ್ಲ. ಓಡಿಸಿ ತೋರಿಸದವರಿಂದ ಅಥವಾ ವಾಪಸ್ ತೆಗೆದುಕೊಳ್ಳುತ್ತೇವೆ ಅನ್ನದವರಿಂದ ಅಂಥದ್ದು ಬೇಡ.

ಇಷ್ಟೆಲ್ಲ ಕೂಡಿಸಿ ನೋಡಿ: ಚಿಪ್, ಬೇಕಾದರೆ ಕೂಲರ್, ಪೇಸ್ಟ್. ಇದು ಹೊಸ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ತರುವ ಖರ್ಚಿನ ಅರ್ಧ ದಾಟಿದರೆ ನಿಲ್ಲಿಸಿ. ಹಳೆ ಬೋರ್ಡ್‌ನ ವಯಸ್ಸು ಹೊಸ ಚಿಪ್ ಹಾಕಿದರೆ ಕಡಿಮೆಯಾಗುವುದಿಲ್ಲ. ಆ ದುಡ್ಡನ್ನು ಮುಂದಿನ ಮಷೀನಿಗೆ ಎತ್ತಿಡಿ. ಕಾಲು ಭಾಗದ ಒಳಗಿದ್ದು, ಒಂದೂವರೆ ಪಟ್ಟಿನ ಗೆರೆಯೂ ದಾಟಿದ್ದರೆ ಮುಂದುವರಿಯಿರಿ.

7. ಬಿಚ್ಚುವ ಹಿಂದಿನ ದಿನ

ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಹಾಕಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಕಾಗದದಲ್ಲಿ ಬರೆದುಕೊಂಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ. ಈಗಿನ ಬೋರ್ಡ್‌ಗಳಲ್ಲಿ ಟಿಪಿಎಂ ಎಷ್ಟೋ ಸಲ ಪ್ರೊಸೆಸರ್‌ನ ಜೊತೆಗೇ ಕಟ್ಟಿಕೊಂಡಿರುತ್ತದೆ. ಚಿಪ್ ಬದಲಾದ ಕೂಡಲೇ ಅದು ಕೀ ಕೇಳುತ್ತದೆ, ಕೀ ಇಲ್ಲದವರ ಡೇಟಾ ಎದುರಿಗೇ ಇದ್ದರೂ ಕೈಗೆ ಸಿಗುವುದಿಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ಬಯೋಸ್ ಅಪ್‌ಡೇಟ್ ಹಳೆ ಪ್ರೊಸೆಸರ್ ಇರುವಾಗಲೇ ಮುಗಿಸಿ. ಹೊಸ ಚಿಪ್ ಹಾಕಿದ ಮೇಲೆ ಬೋರ್ಡ್‌ಗೆ ಅದರ ಗುರುತೇ ಸಿಗದಿದ್ದರೆ ಅಪ್‌ಡೇಟ್ ಮಾಡಲು ಪರದೆಯೇ ಬರುವುದಿಲ್ಲ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೆ, ಆದ್ದರಿಂದ ಯುಪಿಎಸ್ ಇದ್ದರೆ ಅದರ ಮೇಲೆ ಮಾಡಿ. ಕೆಲವು ಎಎಂ4 ಬೋರ್ಡ್‌ಗಳಲ್ಲಿ ಹೊಸ ಬಯೋಸ್ ಹಾಕಿದರೆ ತೀರಾ ಹಳೆ ಚಿಪ್‌ಗಳ ಬೆಂಬಲ ಹೋಗುತ್ತದೆ, ಡೌನ್‌ಲೋಡ್ ಪುಟದ ಸಣ್ಣ ಅಕ್ಷರಗಳನ್ನು ಓದಿಯೇ ಒತ್ತಿ.

8. ಬದಲಿಸುವುದು

ಮೊದಲು ಅರ್ಧ ಗಂಟೆ ಪಿಸಿಗೆ ಭಾರದ ಕೆಲಸ ಕೊಡಿ. ಪೇಸ್ಟ್ ಬೆಚ್ಚಗಾಗಿ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ. ವೈರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಕೂಲರ್ ಸಡಿಲ ಮಾಡಿದ ಮೇಲೆ ನೇರವಾಗಿ ಮೇಲಕ್ಕೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸಿ, ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ, ಆಗ ಎತ್ತಿ. ಎಎಂ4ನಲ್ಲಿ ಸಾಕೆಟ್ ಚಿಪ್ಪನ್ನು ಪಕ್ಕದಿಂದ ಪಿನ್ ಹಿಡಿದು ನಿಲ್ಲಿಸಿರುತ್ತದೆಯೇ ಹೊರತು ಮೇಲಿಂದ ಒತ್ತುವ ಮುಚ್ಚಳ ಇಲ್ಲ. ಆತುರದಲ್ಲಿ ಎಳೆದರೆ ಲಿವರ್ ಹಾಕಿದ್ದಾಗಲೇ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಇಂಟೆಲ್‌ನ ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡ್‌ನಲ್ಲೇ ಇರುತ್ತವೆ. ಅಲ್ಲಿಗೆ ಬೆರಳು, ಬಟ್ಟೆ, ಪೇಸ್ಟ್ ಏನೂ ತಾಕಬಾರದು.

ಲಿವರ್ ಎತ್ತಿ ಹಳೆ ಚಿಪ್ ತೆಗೆಯಿರಿ. ಹೊಸದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಡಿ. ಅದು ತನ್ನ ಭಾರಕ್ಕೇ ಕೂರಬೇಕು. ಕೂರದಿದ್ದರೆ ಒತ್ತಬೇಡಿ, ಎತ್ತಿ ಮತ್ತೆ ನೋಡಿ. ಲಿವರ್ ಹಾಕುವಾಗ ಇಂಟೆಲ್‌ನಲ್ಲಿ ಸ್ವಲ್ಪ ಬಲ ಬೇಕಾಗುತ್ತದೆ, ಕರಕರ ಅನ್ನುವ ಸದ್ದೂ ಬರುತ್ತದೆ. ಅದು ಸಹಜ.

ಪೇಸ್ಟ್ ಬಟಾಣಿ ಕಾಳಿನಷ್ಟು, ನಡುವೆ. ಕೂಲರ್‌ನ ಒತ್ತಡಕ್ಕೆ ತಾನೇ ಹರಡುತ್ತದೆ. ಸ್ಕ್ರೂ ಅಥವಾ ಇಂಟೆಲ್‌ನ ಒತ್ತುವ ಪಿನ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ ಅಂತ ಹಾಕುತ್ತಾ ಬನ್ನಿ. ಕೊನೆಗೆ ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಅಂತ ಬರೆದ ಜಾಗಕ್ಕೇ ಚುಚ್ಚಿ. ಇದನ್ನು ಮರೆತವರು ಎಷ್ಟೋ ಜನ.

9. ಆನ್ ಮಾಡಿದ ಮೇಲೆ

ಮೊದಲ ಸಲ ಎರಡು ಮೂರು ಬಾರಿ ತಾನೇ ಆಫ್ ಆಗಿ ಆನ್ ಆಗಬಹುದು, ಗಾಬರಿ ಬೇಡ. ಐದು ನಿಮಿಷವಾದರೂ ಪರದೆ ಬರದಿದ್ದರೆ ಆಫ್ ಮಾಡಿ ವೈರ್ ಕಿತ್ತು, ಬೋರ್ಡ್‌ನ ದುಂಡು ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಒಂದೇ ರ‍್ಯಾಮ್ ಕಡ್ಡಿಯಲ್ಲಿ ಪ್ರಯತ್ನಿಸಿ. ಪರದೆ ಬಂದ ಕೂಡಲೇ ಬಯೋಸ್‌ಗೆ ಹೋಗಿ ಚಿಪ್‌ನ ಹೆಸರು ಸರಿಯಾಗಿದೆಯೇ, ಸುಮ್ಮನೆ ಇರುವಾಗಿನ ಉಷ್ಣತೆ 30-50ರ ಒಳಗಿದೆಯೇ ನೋಡಿ. 70 ದಾಟಿ ಏರುತ್ತಾ ಹೋಗುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ತಕ್ಷಣ ಆಫ್ ಮಾಡಿ. ಎಕ್ಸ್‌ಎಂಪಿ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ವಿಂಡೋಸ್ ಮರು ಇನ್‌ಸ್ಟಾಲ್ ಬೇಕಿಲ್ಲ, ಪ್ರೊಸೆಸರ್ ಒಂದೇ ಬದಲಾದರೆ ಆಕ್ಟಿವೇಶನ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಸಿನಿಬೆಂಚ್ ಅನ್ನು ಅರ್ಧ ಗಂಟೆ ಓಡಿಸಿ. ವೇಗ ಬೀಳದೆ, ಉಷ್ಣತೆ 90ರ ಒಳಗೆ ನಿಂತರೆ ಮುಗಿಯಿತು.

ಈಗ ಆ ಚೀಟಿ ತೆಗೆಯಿರಿ. ಅದೇ ಮೂರು ಕೆಲಸ, ಅದೇ ಹಾಗೆ ರೀಸ್ಟಾರ್ಟ್ ಮಾಡಿ, ಹಳೆ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ನನ್ನ ಈಗಿನ ಪಿಸಿಯಲ್ಲಿ ಅಂಥ ಚೀಟಿಯೊಂದು ಕ್ಯಾಬಿನೆಟ್‌ನ ಬಾಗಿಲಿನ ಒಳಗೆ ಅಂಟಿದೆ, ಬೋರ್ಡ್‌ನ ಮಾಡೆಲ್, ಬಯೋಸ್ ವರ್ಷನ್, ಪೇಸ್ಟ್ ಹಾಕಿದ ತಾರೀಖು ಎಲ್ಲ ಅದರಲ್ಲೇ ಇದೆ. ಹಳೆ ಪ್ರೊಸೆಸರನ್ನು ಹೊಸದರ ಡಬ್ಬಿಯಲ್ಲೇ ಹಾಕಿ ಒಂದು ತಿಂಗಳು ಇಟ್ಟುಕೊಳ್ಳಿ. ಎಲ್ಲ ಸರಿ ನಡೆದರೆ, ಅದೇ ಸಾಕೆಟ್‌ನಲ್ಲಿ ಅದಕ್ಕಿಂತ ಸಣ್ಣ ಚಿಪ್ ಇಟ್ಟುಕೊಂಡು ಒದ್ದಾಡುತ್ತಿರುವವರಿಗೆ ಕೊಡಬಹುದು.